ಮುದ್ದೆಯ ಸೀಮೆಯಲ್ಲಿ ಚೈನೀಸ್

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪಟ್ಟಣಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ, ಪೇಟೆ ಬೀದಿಗಳಲ್ಲಿ ಮತ್ತು ಕಾಲೇಜು ರಸ್ತೆಗಳಲ್ಲಿ ಸಂಜೆಯ ಹೊತ್ತು ‘ಚೈನೀಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ತಿನಿಸುಗಳು ಬೆರಳೆಣಿಕೆಯವು. ಗೋಬಿ ಮಂಚೂರಿ, ಎಗ್ ರೈಸ್, ಫ್ರೈಡ್ ರೈಸ್, ನೂಡಲ್ಸ್, ಚಿಲ್ಲಿ ಚಿಕನ್ ಇಷ್ಟನ್ನು ಹೇಳಿದರೆ ಪಟ್ಟಿ ಹೆಚ್ಚುಕಡಿಮೆ ಮುಗಿದಂತೆಯೇ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಪ್ರದೇಶ ರಾಗಿ, ರೇಷ್ಮೆ, ಮಾವು ಮತ್ತು ಅವರೆಕಾಯಿಯ ಸೀಮೆಯಾಗಿದ್ದು, ಇಲ್ಲಿನ ಮನೆಗಳಲ್ಲಿ ಊಟವೆಂದರೆ ಇಂದಿಗೂ ಮುದ್ದೆಯ ಸುತ್ತ ಕಟ್ಟಿದ ವ್ಯವಸ್ಥೆಯೇ ಆಗಿರುವುದರಿಂದ, ಅಂಥ ಸೀಮೆಯ ಬೀದಿಯಲ್ಲಿ ಹೊರದೇಶದ ಹೆಸರಿನ ಅಡಿಗೆಯೊಂದು ಇಷ್ಟು ಗಟ್ಟಿಯಾಗಿ ಬೇರೂರಿರುವ ಬಗೆ ವಿವರಣೆಯನ್ನು ಬೇಡುತ್ತದೆ. ಇದು ಚೀನೀ ಅಡಿಗೆಯೇ ಅಲ್ಲವೆಂದು ತಳ್ಳಿಹಾಕುವವರೂ ಇದೇ ಚೀನೀ ಅಡಿಗೆಯೆಂದು ನಂಬಿ ತಿನ್ನುವವರೂ ಸಮಾನವಾಗಿ ಗಮನಿಸದೆ ಬಿಡುವ ಸಂಗತಿ ಒಂದಿದೆ: ಚೀನೀ ಪಾಕದ ಕೈಚಳಕದಲ್ಲಿ ಬಹುಪಾಲು ಈ ಪಟ್ಟಣಗಳವರೆಗೂ ಬಂದು ಮುಟ್ಟಿದೆ, ಆದರೆ ಚೀನೀ ಊಟದ ಕ್ರಮ ದಾರಿಯಲ್ಲೇ ಉಳಿದುಹೋಗಿದೆ, ವಿಚಿತ್ರವೆಂದರೆ ಹಾಗೆ ಉಳಿದುಹೋದ ಆ ಕ್ರಮವೇ ಮುದ್ದೆ ಉಣ್ಣುವವರಿಗೆ ಅತ್ಯಂತ ಹತ್ತಿರದ್ದು.

ಚೀನೀ ಊಟದ ಒಳರಚನೆಯನ್ನು ವಿವರಿಸಿದ ವಿದ್ವಾಂಸರಲ್ಲಿ ಪುರಾತತ್ತ್ವಜ್ಞ ಕೆ.ಸಿ. ಚಾಂಗ್ ಪ್ರಮುಖರು, 1977ರಲ್ಲಿ ಅವರು ಸಂಪಾದಿಸಿದ, ಚೀನೀ ಸಂಸ್ಕೃತಿಯಲ್ಲಿ ಆಹಾರದ ಸ್ಥಾನವನ್ನು ಕುರಿತ ಗ್ರಂಥದಲ್ಲಿ ‘ಫಾನ್’ ಮತ್ತು ‘ತ್ಸಾಯ್’ ಎಂಬ ಎರಡು ಭಾಗಗಳ ಮೇಲೆ ಆ ಊಟ ನಿಂತಿದೆಯೆಂದು ತೋರಿಸಲಾಗಿದೆ. ಫಾನ್ ಎಂದರೆ ಧಾನ್ಯದ ಭಾಗ, ಅಂದರೆ ಅನ್ನ, ಗೋಧಿಯ ಆವಿಬನ್ನು ಅಥವಾ ನೂಡಲ್ಸ್. ತ್ಸಾಯ್ ಎಂದರೆ ಅದರ ಜೊತೆಗೆ ಬರುವ ತರಕಾರಿ, ಮಾಂಸ, ಮೀನು, ಸೋಯಾ ಗಿಣ್ಣು ಮುಂತಾದ ವ್ಯಂಜನಗಳು. ಹೊಟ್ಟೆ ತುಂಬಿಸುವುದು ಫಾನ್‌ನ ಕೆಲಸ, ನಾಲಗೆಯನ್ನು ಚುರುಕುಗೊಳಿಸಿ ಆ ಧಾನ್ಯವನ್ನು ಒಳಗಿಳಿಸುವುದು ತ್ಸಾಯ್‌ನ ಕೆಲಸ. ತ್ಸಾಯ್ ಇಲ್ಲದೆ ಹೇಗೋ ಊಟ ಸಾಗೀತು, ಫಾನ್ ಇಲ್ಲದೆ ಊಟವಾಯಿತೆಂಬ ಭಾವನೆಯೇ ಬಾರದು. ಮಾಗಡಿ ಅಥವಾ ಕನಕಪುರದ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಸಪ್ಪೆಯಾದ, ಉಪ್ಪು ಸಹ ಹಾಕದ ಮುದ್ದೆ ಮತ್ತು ಅದನ್ನು ನುಂಗಿಸುವ ಬಸ್ಸಾರು, ಉಪ್ಪೆಸರು, ಹಿತಕಿದ ಅವರೆಬೇಳೆ ಸಾರು ಅಥವಾ ಕೋಳಿ ಸಾರು ಇವುಗಳ ನಡುವಿನ ಸಂಬಂಧ ಅದೇ ತತ್ತ್ವದ ಮೇಲೆ ನಿಂತಿದೆ. ಸಾರು ಖಾರವಾಗಿ, ಉಪ್ಪುಹುಳಿ ಒಂದಿಷ್ಟು ಮುಂದಾಗಿರುವುದು ಮುದ್ದೆ ಸಪ್ಪೆಯಾಗಿರುತ್ತದೆ ಎಂಬ ಲೆಕ್ಕದ ಮೇಲೆಯೇ ಹೊರತು ಸಾರನ್ನು ಒಂಟಿಯಾಗಿ ಕುಡಿಯಲೆಂದಲ್ಲ. ಚೀನೀ ಔತಣಗಳಲ್ಲಿ ಮಾತ್ರ ತ್ಸಾಯ್ ಮೇಲುಗೈ ಪಡೆದು ಅನ್ನ ಕೊನೆಯಲ್ಲಿ ನಾಮಕಾವಸ್ತೆಗೆ ಬರುವುದುಂಟು. ಈ ಸೀಮೆಯ ಬೀಗರೂಟದಲ್ಲಿ ಮಾಂಸ ಎಷ್ಟೇ ಧಾರಾಳವಾಗಿದ್ದರೂ ಮುದ್ದೆ ತನ್ನ ಮೊದಲ ಸ್ಥಾನವನ್ನು ಬಿಟ್ಟುಕೊಡುವುದಿಲ್ಲ ಎಂಬುದೊಂದು ವ್ಯತ್ಯಾಸ.

ಧಾನ್ಯಗಳ ಇತಿಹಾಸವನ್ನು ನೋಡಿದರೆ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಚೀನೀ ಊಟವೆಂದರೆ ಅಕ್ಕಿಯೆಂಬ ಕಲ್ಪನೆ ಆ ದೇಶದ ದಕ್ಷಿಣ ಭಾಗಕ್ಕೆ ಮಾತ್ರ ಹೊಂದುತ್ತದೆ. ಉತ್ತರ ಚೀನಾದ ಪ್ರಾಚೀನ ಆಹಾರ ನವಣೆ ಮತ್ತು ಬರಗು. ಈ ಎರಡೂ ಕಿರುಧಾನ್ಯಗಳನ್ನು ಅಲ್ಲಿ 8,000 ವರ್ಷಗಳಿಗೂ ಹಿಂದಿನಿಂದ ಬೆಳೆಯಲಾಗುತ್ತಿತ್ತೆಂದು ಉತ್ಖನನಗಳು ತಿಳಿಸುತ್ತವೆ, ಮತ್ತು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯೊಂದಿಗೆ ಬೆಳೆಯುತ್ತಿದ್ದ ನವಣೆಯೂ ಅದೇ ಜಾತಿಯ ಬೆಳೆ. ಚಿಂಗ್‌ಹಾಯ್ ಪ್ರಾಂತದ ಲಾಜಿಯಾ ಎಂಬಲ್ಲಿ ಕವುಚಿ ಬಿದ್ದ ಮಣ್ಣಿನ ಬಟ್ಟಲೊಂದರ ಅಡಿಯಲ್ಲಿ ದೊರೆತ, ಸುಮಾರು 4,000 ವರ್ಷ ಹಳೆಯದಾದ ಶಾವಿಗೆಯ ಎಳೆಗಳು ನವಣೆ ಮತ್ತು ಬರಗಿನ ಹಿಟ್ಟಿನವು ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು; ಜಿಗುಟಿಲ್ಲದ ಈ ಹಿಟ್ಟಿನಿಂದ ಅಷ್ಟು ಉದ್ದನೆಯ ಎಳೆ ತೆಗೆಯಲು ಸಾಧ್ಯವೇ ಎಂಬ ಚರ್ಚೆ ಆನಂತರ ನಡೆದರೂ, ಆ ನಾಡಿನಲ್ಲಿ ಮೈದಾ ನೂಡಲ್ಸಿಗಿಂತ ಹಳೆಯದು ಕಿರುಧಾನ್ಯದ ಅಡಿಗೆ ಎಂಬುದರಲ್ಲಿ ಅನುಮಾನವಿಲ್ಲ. ರಾಗಿ ಮಾತ್ರ ಚೀನಾದ ಕಡೆಯದಲ್ಲ, ಅದು ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದದ್ದು.

ಭಾರತದಲ್ಲಿ ಚೀನೀ ಅಡಿಗೆಯ ಬಾಗಿಲು ತೆರೆದದ್ದು ಕಲ್ಕತ್ತೆಯಲ್ಲಿ. 18ನೇ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ವ್ಯಾಪಾರಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನಿಂದ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಆರಂಭಿಸಿದನು. ಅವನ ಹೆಸರಿನಿಂದಲೇ ಆ ಊರಿಗೆ ಅಚ್ಚಿಪುರವೆಂಬ ಹೆಸರು ಬಂದಿದೆ. ಮುಂದೆ ದಕ್ಷಿಣ ಚೀನಾದಿಂದ ಬಂದ ಬಡಗಿಗಳು ಮತ್ತು ಚರ್ಮ ಹದ ಮಾಡುವವರು ನಗರದ ತಿರೆಟ್ಟಾ ಬಜಾರ್ ಹಾಗೂ ಟಾಂಗ್ರಾ ಬಡಾವಣೆಗಳಲ್ಲಿ ನೆಲೆಸಿದರು. ಇವರಲ್ಲಿ ಹಕ್ಕಾ ಎಂಬ ಜನವರ್ಗದವರು ಹೆಚ್ಚಾಗಿ ಟಾಂಗ್ರಾದ ಚರ್ಮೋದ್ಯಮದಲ್ಲಿದ್ದರು. ಇಂದು ಚನ್ನಪಟ್ಟಣದ ತಳ್ಳುಗಾಡಿಯ ಫಲಕದಲ್ಲಿ ‘ಹಕ್ಕಾ ನೂಡಲ್ಸ್’ ಎಂದು ಬರೆದಿರುವುದು ಆ ಜನರ ಹೆಸರೇ. 1962ರ ಭಾರತ-ಚೀನಾ ಯುದ್ಧ ಈ ಸಮುದಾಯದ ಬದುಕನ್ನು ಕದಡಿತು: ಸುಮಾರು 3,000 ಮಂದಿ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು, ಬಿಡುಗಡೆಯ ನಂತರ ಅನೇಕರು ದೇಶವನ್ನೇ ತೊರೆದರು, ಉಳಿದವರಲ್ಲಿ ಹಲವರು ಭಾರತದ ಬೇರೆ ಬೇರೆ ನಗರಗಳಿಗೆ ಚದುರಿ ಹೋಟೆಲು, ಪಾದರಕ್ಷೆ ಅಂಗಡಿ, ಕೇಶಾಲಂಕಾರದ ಮಳಿಗೆ ಮತ್ತು ದಂತವೈದ್ಯದಂಥ ವೃತ್ತಿಗಳನ್ನು ಹಿಡಿದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ತಲೆಮಾರಿನವರು ಕಂಡ ಚೀನೀ ಹೋಟೆಲು ಮತ್ತು ಚಪ್ಪಲಿ ಅಂಗಡಿಗಳ ಹಿನ್ನೆಲೆಯೂ ಇದೇ ವಲಸೆಯದು.

ಮಂಚೂರಿಯ ಹುಟ್ಟು ಮಾತ್ರ ಮುಂಬಯಿಯಲ್ಲಿ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಪಾಕಪ್ರವೀಣ ನೆಲ್ಸನ್ ವಾಂಗ್, 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡಿಗೆಮನೆಯಲ್ಲಿ ಹೊಸತೇನನ್ನಾದರೂ ಕೊಡಬೇಕೆಂಬ ಬೇಡಿಕೆ ಬಂದಾಗ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಎಂಬ ಭಾರತೀಯ ಒಗ್ಗರಣೆಯನ್ನು ಇಟ್ಟುಕೊಂಡು, ಗರಂ ಮಸಾಲೆಯ ಬದಲು ಸೋಯಾ ಸಾಸನ್ನೂ ಗಟ್ಟಿಗೊಳಿಸಲು ಮೆಕ್ಕೆಜೋಳದ ಪಿಷ್ಟವನ್ನೂ ಬಳಸಿ ಚಿಕನ್ ಮಂಚೂರಿಯನ್ ಎಂಬ ವ್ಯಂಜನವನ್ನು ರೂಪಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವೃತ್ತಾಂತ. ಈಶಾನ್ಯ ಚೀನಾದ ಮಂಚೂರಿಯ ಪ್ರದೇಶದ ಅಡಿಗೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕೋಳಿಯ ಜಾಗದಲ್ಲಿ ಹೂಕೋಸು ಬಂದು ಕುಳಿತದ್ದು ಈ ವ್ಯಂಜನದ ಹಣೆಬರಹವನ್ನೇ ಬದಲಿಸಿತು. ಹೂಕೋಸು ಸಹ ಇಲ್ಲಿಯದಲ್ಲ, ಚೀನಾದ್ದೂ ಅಲ್ಲ. ಅದು 1822ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಉತ್ತರ ಭಾರತದ ಸಹಾರನ್‌ಪುರಕ್ಕೆ ಬಂದ ಯುರೋಪಿನ ತರಕಾರಿ. ತನ್ನದೇ ರುಚಿ ಹೆಚ್ಚಿಲ್ಲದ, ಕರಿದರೆ ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ಈ ಹೂವು ಮಾಂಸದ ತುಂಡಿನ ಕೆಲಸವನ್ನು ಅಗ್ಗದಲ್ಲಿ ಮಾಡಿಕೊಡುತ್ತದೆ. ಸೋಮವಾರ, ಶನಿವಾರ ಮತ್ತು ಶ್ರಾವಣ ಮಾಸದಲ್ಲಿ ಮಾಂಸ ಮುಟ್ಟದ ಮನೆಗಳು ಹೆಚ್ಚಾಗಿರುವ, ಅದೇ ವೇಳೆ ಬಾಡೂಟವನ್ನು ಪ್ರೀತಿಸುವ ಈ ಸೀಮೆಯಲ್ಲಿ, ಕಬಾಬಿನ ನೋಟವೂ ತರಕಾರಿಯ ಜಾತಿಯೂ ಒಟ್ಟಿಗಿರುವ ತಿನಿಸು ಗೆಲ್ಲದಿದ್ದರೆ ಆಶ್ಚರ್ಯಪಡಬೇಕಿತ್ತು. ಮಾಂಸಾಹಾರಿ ಮತ್ತು ಸಸ್ಯಾಹಾರಿ ಗೆಳೆಯರು ಒಂದೇ ಗಾಡಿಯ ಮುಂದೆ ನಿಂತು ಒಂದೇ ತಟ್ಟೆಗೆ ಕೈ ಹಾಕಬಹುದಾದ ತಿನಿಸುಗಳು ಬೀದಿಯಲ್ಲಿ ಹೆಚ್ಚಿಲ್ಲ.

ಗೋಬಿ ಗಾಡಿಯ ಕೆಲಸ ಸಂಜೆ ಆರಂಭವಾಗುವಂತೆ ಕಂಡರೂ ಅದರ ಅರ್ಧಭಾಗ ಮಧ್ಯಾಹ್ನವೇ ಮುಗಿದಿರುತ್ತದೆ. ಹೂಕೋಸನ್ನು ಹೂಹೂವಾಗಿ ಬಿಡಿಸಿ, ಹುಳುಗಳು ಹೊರಬೀಳಲೆಂದು ಉಪ್ಪು, ಅರಿಸಿನ ಹಾಕಿದ ಬಿಸಿನೀರಿನಲ್ಲಿ ಕೆಲಹೊತ್ತು ಬಿಟ್ಟು, ನೀರು ಬಸಿದ ಮೇಲೆ ಮೈದಾ, ಕಾರ್ನ್‌ಫ್ಲೋರ್, ಅಚ್ಚಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಮತ್ತು ಉಪ್ಪನ್ನು ಕಲಸಿದ ಹಿಟ್ಟಿನಲ್ಲಿ ಅದ್ದಿ, ಮುಕ್ಕಾಲು ಭಾಗ ಬೇಯುವಷ್ಟು ಕರಿದು, ಜಾಲರಿಯ ತಟ್ಟೆಯಲ್ಲಿ ರಾಶಿ ಹಾಕಿಡುತ್ತಾರೆ. ‘ಅಣ್ಣಾ, ಒಂದು ಹಾಫ್ ಡ್ರೈ, ಖಾರ ಜಾಸ್ತಿ’ ಎಂಬ ಕೂಗು ಬಂದಾಗ ಅಷ್ಟು ಹೂಗಳು ಇನ್ನೊಮ್ಮೆ ಕುದಿಯುವ ಎಣ್ಣೆಗೆ ಇಳಿದು ಗರಿಯಾಗಿ ಮೇಲೆ ಬರುತ್ತವೆ; ಅಷ್ಟರಲ್ಲಿ ಪಕ್ಕದ ತೆಳು ಕಬ್ಬಿಣದ ಬಾಣಲೆ, ಸದ್ದು ಮಾಡುತ್ತ ಉರಿಯುವ ಗ್ಯಾಸ್ ಒಲೆಯ ಮೇಲೆ ಹೊಗೆಯಾಡುವಷ್ಟು ಕಾದಿರುತ್ತದೆ. ಎರಡು ಸೌಟು ಎಣ್ಣೆ, ಚಚ್ಚಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ ಮತ್ತು ದಪ್ಪ ಮೆಣಸಿನಕಾಯಿ ಬಿದ್ದ ಕೂಡಲೇ ಜ್ವಾಲೆ ಬಾಣಲೆಯ ಅಂಚನ್ನು ದಾಟಿ ಒಳಕ್ಕೆ ಹಣಿಕುತ್ತದೆ. ಸೋಯಾ, ಚಿಲ್ಲಿ, ಟೊಮೆಟೊ ಎಂಬ ಮೂರು ಸಾಸುಗಳು, ಚಿಟಿಕೆ ಟೇಸ್ಟಿಂಗ್ ಪೌಡರ್, ನಂತರ ಕರಿದ ಹೂಗಳು, ಮಣಿಕಟ್ಟಿನ ಬಲದಿಂದ ಮೂರು ನಾಲ್ಕು ಬಾರಿ ಹಾರಿಸಿ ಹಿಡಿಯುವುದು, ಮೇಲೆ ಈರುಳ್ಳಿ ಸೊಪ್ಪು. ಗ್ರೇವಿ ಬೇಕೆಂದವರಿಗೆ ನೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್ ಒಂದು ಸೌಟು ಸೇರಿ, ಹೊಳಪಿನ ಗಟ್ಟಿರಸ ಹೂಗಳನ್ನು ಆವರಿಸುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ತಟ್ಟೆ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ನಿಂಬೆಹೋಳು ಮತ್ತು ಚುಚ್ಚಿ ತಿನ್ನಲು ಹಲ್ಲುಕಡ್ಡಿ ಸೇರಿದರೆ ಬಡಿಸುವ ಕೆಲಸ ಮುಗಿಯಿತು.

ಈ ಎಲ್ಲದರಲ್ಲಿ ಚೀನಾದಿಂದ ಬಂದದ್ದೇನು ಎಂದು ನೋಡಿದರೆ, ಪದಾರ್ಥಗಳಿಗಿಂತ ಹೆಚ್ಚಾಗಿ ಕೈಕೆಲಸವೇ ಕಾಣುತ್ತದೆ. ದುಂಡನೆಯ ತಳದ ತೆಳು ಬಾಣಲೆ, ಅತಿಯಾದ ಉರಿ, ಎಲ್ಲವನ್ನೂ ಮೊದಲೇ ಒಂದೇ ಗಾತ್ರಕ್ಕೆ ಹೆಚ್ಚಿಟ್ಟುಕೊಂಡು ನಿಮಿಷಾರ್ಧದಲ್ಲಿ ಅಡಿಗೆ ಮುಗಿಸುವ ಕ್ರಮ, ಇವು ದಕ್ಷಿಣ ಚೀನಾದ ಕ್ಯಾಂಟನ್ ಪ್ರದೇಶದ ಪಾಕದ ಜೀವಾಳ. ಕಾದ ಕಬ್ಬಿಣಕ್ಕೆ ಎಣ್ಣೆ ಮತ್ತು ಸಾಸು ತಗುಲಿ ಹುಟ್ಟುವ ಹೊಗೆಗಮ್ಮಿನ ರುಚಿಗೆ ಅಲ್ಲಿನವರು ‘ವೊಕ್ ಹೇ’, ಅಂದರೆ ಬಾಣಲೆಯ ಉಸಿರು, ಎಂದು ಹೆಸರಿಟ್ಟಿದ್ದಾರೆ. ಮನೆಯ ಒಲೆಯಲ್ಲಿ ಮಾಡಿದ ಗೋಬಿಗೆ ಗಾಡಿಯ ರುಚಿ ಬರುವುದಿಲ್ಲವೆಂದು ಗೃಹಿಣಿಯರು ಹೇಳುವುದಕ್ಕೆ ಕಾರಣ ಸಾಸಿನ ಗುಟ್ಟಲ್ಲ. ಮನೆಯ ಒಲೆಯ ಉರಿ ಸಾಲದೆ ತರಕಾರಿ ನೀರುಬಿಟ್ಟು ಹುರಿಯುವ ಬದಲು ಬೇಯುವುದು. ಪಿಷ್ಟದಿಂದ ರಸ ಗಟ್ಟಿಗೊಳಿಸುವುದೂ ಎರಡು ಬಾರಿ ಕರಿಯುವುದೂ ಚೀನೀ ವಿಧಾನಗಳೇ. ಆದರೆ ಕ್ಯಾಂಟನ್ನಿನ ಅಡಿಗೆಯವರು ಪಿಷ್ಟವನ್ನು ಮಾಂಸಕ್ಕೆ ತೆಳುವಾಗಿ ಸವರಿ ಅದರ ರಸ ಒಳಗೇ ಉಳಿಯುವಂತೆ ನೋಡಿಕೊಂಡರೆ, ಇಲ್ಲಿ ಅದು ಬೋಂಡದ ಹಿಟ್ಟಿನ ಪಾತ್ರವನ್ನು ವಹಿಸುತ್ತದೆ. ಗೋಬಿ ಗಾಡಿಯ ಹಿಂದೆ ನಿಂತಿರುವುದು ಬೋಂಡ, ಬಜ್ಜಿಯ ಗಾಡಿ ಎಂದರೆ ತಪ್ಪಾಗಲಾರದು.

ಮೂರು ಸಾಸುಗಳ ಪೈಕಿ ಮೂಲದಲ್ಲಿ ಚೀನಾದ್ದು ಸೋಯಾ ಸಾಸು. ಬೇಯಿಸಿದ ಸೋಯಾ ಅವರೆ ಮತ್ತು ಹುರಿದ ಗೋಧಿಗೆ ಒಂದು ಜಾತಿಯ ಬೂಷ್ಟನ್ನು ಬೆಳೆಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಹಿಂಡಿ ಸೋಸಿದಾಗ ಸಿಗುವ ಈ ದ್ರವ ಉಪ್ಪು ಮತ್ತು ರುಚಿ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಹುದುಗುವಾಗ ಕಾಳಿನ ಸಸಾರಜನಕ ಒಡೆದು ಗ್ಲುಟಮೇಟ್ ಎಂಬ ಅಂಶ ಬಿಡುಗಡೆಯಾಗುವುದೇ ಆ ರುಚಿಯ ಕಾರಣ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಸಮುದ್ರಪಾಚಿಯ ಸಾರಿನಿಂದ ಇದೇ ಅಂಶವನ್ನು ಬೇರ್ಪಡಿಸಿದನು, ಮರುವರ್ಷ ಅದು ‘ಅಜಿನೊಮೊಟೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ರಾಮನಗರದ ದಿನಸಿ ಅಂಗಡಿಗಳಲ್ಲಿ ಟೇಸ್ಟಿಂಗ್ ಪೌಡರ್ ಎಂದು ಕೇಳಿ ಪಡೆಯುವ ಬಿಳಿ ಹರಳು ಇದೇ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಓದುಗರ ಪತ್ರದಿಂದ ಚೀನೀ ಹೋಟೆಲಿನ ಊಟ ತಲೆನೋವು ತರುತ್ತದೆಂಬ ಮಾತು ಲೋಕದಲ್ಲೆಲ್ಲ ಹಬ್ಬಿತಾದರೂ, ತಿನ್ನುವವರಿಗೆ ತಿಳಿಯದಂತೆ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಅದು ಸ್ಥಿರವಾಗಿ ಸಾಬೀತಾಗಲಿಲ್ಲ. ಟೊಮೆಟೊದಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಟೇಸ್ಟಿಂಗ್ ಪೌಡರಿನ ನಿಜವಾದ ತೊಡಕು ಬೇರೆ: ಹಳಸಲು ತರಕಾರಿಯನ್ನೂ ಸಪ್ಪೆ ಸಾರನ್ನೂ ಅದು ಮರೆಮಾಚಿಬಿಡುತ್ತದೆ, ಆದ್ದರಿಂದ ಸೋಮಾರಿ ಅಡಿಗೆಯವನಿಗೆ ಅದು ತುಂಬ ಪ್ರಿಯ.

‘ಶೆಜ್ವಾನ್’ ಎಂದು ಫಲಕಗಳಲ್ಲಿ ಕಾಣುವ ಕೆಂಪು ಸಾಸಿನ ಕಥೆ ಇನ್ನೂ ಸ್ವಾರಸ್ಯದ್ದು. ಆ ಹೆಸರಿನ ಮೂಲವಾದ ಸಿಚುವಾನ್ ನೈಋತ್ಯ ಚೀನಾದ, ಮೋಡ ಮುಸುಕಿದ ತೇವದ ಹವೆಯ ಒಂದು ಪ್ರಾಂತ. ಅಲ್ಲಿನ ಅಡಿಗೆಯ ಗುರುತು ಬರಿಯ ಖಾರವಲ್ಲ, ನಾಲಗೆಯನ್ನು ಜುಮ್ಮೆನಿಸಿ ಮರಗಟ್ಟಿಸುವ ‘ಹುವಾಜಿಯಾವೊ’ ಎಂಬ ಕಾಯಿ ಮತ್ತು ಮೆಣಸಿನಕಾಯಿಗಳ ಜೋಡಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಚೀನಾವನ್ನು ತಲುಪಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಜುಮ್ಮೆನ್ನಿಸುವ ಕಾಯಿ ಅದಕ್ಕಿಂತ ಬಹಳ ಹಿಂದಿನಿಂದ ಅಲ್ಲಿಯೇ ಇದ್ದದ್ದು. ಬೆಂಗಳೂರು ದಕ್ಷಿಣದ ಶೆಜ್ವಾನ್ ಸಾಸಿನಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರ್ ಮತ್ತು ಸಕ್ಕರೆ ಇರುತ್ತವೆಯೇ ಹೊರತು ಆ ಕಾಯಿ ಇರುವುದಿಲ್ಲ. ಅದೇ ಕುಲದ ಮರವೊಂದು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲೇ ಬೆಳೆಯುತ್ತದೆ. ಜುಮ್ಮನಕಾಯಿ ಎಂದು ಘಟ್ಟದವರೂ ತೆಪ್ಪಲ್ ಎಂದು ಕೊಂಕಣಿಗರೂ ಕರೆಯುವ ಅದರ ಕಾಯಿ ಕರಾವಳಿಯ ಬಂಗುಡೆ ಸಾರಿಗೆ ಬೀಳುವುದುಂಟು. ಸಿಚುವಾನಿನ ರುಚಿಗೆ ಕರ್ನಾಟಕದಲ್ಲಿ ಅತಿ ಹತ್ತಿರದ ವಸ್ತು ಕಾರವಾರದ ಮೀನುಸಾರಿನಲ್ಲಿದೆ, ಶೆಜ್ವಾನ್ ಫ್ರೈಡ್ ರೈಸಿನಲ್ಲಿಲ್ಲ.

ಬಣ್ಣದ ವಿಷಯ ಹಾಸ್ಯಕ್ಕೆ ಎಡೆಗೊಡುವಂಥದಲ್ಲ. ಗೋಬಿ ಮಂಚೂರಿಯ ಕಣ್ಣು ಕುಕ್ಕುವ ಕೆಂಪು ಯಾವ ಚೀನೀ ಪದ್ಧತಿಯಿಂದಲೂ ಬಂದದ್ದಲ್ಲ, ಅದು ಗಾಡಿಗಳ ನಡುವಿನ ಪೈಪೋಟಿಯ ಫಲ. ಗೋವಾದ ಮಾಪುಸಾ ಪುರಸಭೆ 2024ರ ಆರಂಭದಲ್ಲಿ ಜಾತ್ರೆಯ ಮಳಿಗೆಗಳಲ್ಲಿ ಗೋಬಿ ಮಂಚೂರಿಯನ್ನೇ ನಿಷೇಧಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ ನಾನಾ ಕಡೆಗಳಿಂದ ಸಂಗ್ರಹಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಮುಂತಾದ ಕೃತಕ ಬಣ್ಣಗಳು ಪತ್ತೆಯಾದವು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ಬಾಂಬೆ ಮಿಠಾಯಿಯಲ್ಲಿ ರೊಡಮೈನ್-ಬಿ ಎಂಬ ಬಟ್ಟೆಬಣ್ಣದ ಬಳಕೆಯನ್ನೂ ನಿಷೇಧಿಸಿರುವುದಾಗಿ ಪ್ರಕಟಿಸಿದರು, ಅದೇ ವರ್ಷದ ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂದಿತು. ಗೋಬಿಯೇ ನಿಷೇಧವಾಯಿತೆಂದು ಆಗ ಹಬ್ಬಿದ ಮಾತು ಸರಿಯಲ್ಲ; ನಿಷೇಧವಾದದ್ದು ಬಣ್ಣ ಮಾತ್ರ. ಕೆಂಪು ಬೇಕೇ ಬೇಕೆನ್ನುವ ಅಡಿಗೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ರಾಜ್ಯದಲ್ಲೇ ಇದೆ. ಖಾರ ಕಡಿಮೆ, ಬಣ್ಣ ಗಾಢವಾದ ಆ ಕಾಯನ್ನು ನೆನೆಸಿ ರುಬ್ಬಿ ಬಳಸಿದರೆ ಬರುವ ಕೆಂಪು ತುಸು ಕಂದಾಗಿರುತ್ತದೆ, ಮತ್ತು ತಟ್ಟೆಯ ಮೇಲಿನ ಹಸಿ ಈರುಳ್ಳಿಗೆ ಗುಲಾಬಿ ಬಣ್ಣ ಬಳಿಯುವುದಿಲ್ಲ. ತಿಂದ ಮೇಲೆ ಬೆರಳು ತೊಳೆದರೂ ಬಣ್ಣ ಹೋಗದಿದ್ದರೆ ಆ ಗಾಡಿಯ ಬಗ್ಗೆ ಅನುಮಾನ ಪಡಲು ಅಷ್ಟು ಸಾಕು.

ಈ ಪಟ್ಟಣಗಳಲ್ಲಿ ಚೈನೀಸ್ ತಿನ್ನುವ ಹೊತ್ತೂ ಗಮನಾರ್ಹ. ಬೆಳಗಿನ ತಿಂಡಿಗೆ ತಟ್ಟೆ ಇಡ್ಲಿಯದು, ಅದರಲ್ಲೂ ಬಿಡದಿಯದು, ಬೇರೆಯೇ ರಾಜ್ಯ. ಮಧ್ಯಾಹ್ನಕ್ಕೆ ಮೆಸ್ಸುಗಳು ಮತ್ತು ಮಿಲಿಟರಿ ಹೋಟೆಲುಗಳ ಮುದ್ದೆ ಊಟ. ಚೈನೀಸ್ ಗಾಡಿಗೆ ಸಿಕ್ಕಿರುವುದು ನಾಲ್ಕು ಗಂಟೆಯಿಂದ ರಾತ್ರಿಯವರೆಗಿನ ಅವಧಿ, ಅಂದರೆ ಊಟವೂ ಅಲ್ಲದ, ಬರಿಯ ಕಾಫಿಯೂ ಸಾಲದ ನಡುಹೊತ್ತು. ಹೀಗಾಗಿ ಫಾನ್ ಮತ್ತು ತ್ಸಾಯ್ ಎರಡೂ ಇಲ್ಲಿ ಬೇರೆ ಬೇರೆಯಾಗಿ ಸಂಸಾರ ಹೂಡಿವೆ: ಗೋಬಿ ಎಂಬ ವ್ಯಂಜನವನ್ನು ಅನ್ನವಿಲ್ಲದೆ ತಿನ್ನಲಾಗುತ್ತದೆ, ಎಗ್ ರೈಸ್ ಎಂಬ ಅನ್ನವನ್ನು ವ್ಯಂಜನವಿಲ್ಲದೆ ತಿನ್ನಲಾಗುತ್ತದೆ. ಗೋಬಿಯಲ್ಲಿ ಉಪ್ಪು, ಹುಳಿ, ಖಾರ, ಸಿಹಿ ಎಲ್ಲವೂ ಗಂಟಲು ಹಿಡಿಯುವಷ್ಟು ಹೆಚ್ಚಾಗಿರುವುದು ಮೂಲತಃ ಅನ್ನದೊಂದಿಗೆ ಉಣ್ಣಲು ರೂಪಿಸಿದ ರಸವನ್ನು ಒಂಟಿಯಾಗಿ ತಿನ್ನುತ್ತಿರುವುದರಿಂದಲೇ. ಮುದ್ದೆಯಿಲ್ಲದೆ ಬಸ್ಸಾರನ್ನು ಬಟ್ಟಲುಗಟ್ಟಲೆ ಕುಡಿದಂತೆ. ಬೆಂಗಳೂರು ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋದ ಮೇಲೆ ಪ್ರಯಾಣಿಕರನ್ನು ನಂಬಿದ್ದ ಹಳೆಯ ರಸ್ತೆಯ ಹೋಟೆಲುಗಳು ಸೊರಗಿದವು. ಕಾಲೇಜು ಹುಡುಗರು, ರೇಷ್ಮೆ ನೂಲು ಬಿಚ್ಚಾಣಿಕೆಯ ಕಾರ್ಮಿಕರು, ಅಂಗಡಿ ಮುಚ್ಚಿ ಹೊರಟವರು ಮುಂತಾದ ಊರವರನ್ನೇ ನಂಬಿದ ಗೋಬಿ ಗಾಡಿಗಳಿಗೆ ಆ ಭಯವಿಲ್ಲ.

ರೇಷ್ಮೆಯ ಮಾತು ಬಂದಮೇಲೆ, ಚೀನಾದೊಂದಿಗೆ ಈ ಸೀಮೆಗಿರುವ ಹಳೆಯ ನಂಟು ತಟ್ಟೆಯದಲ್ಲ, ಗೂಡಿನದು ಎಂಬುದನ್ನು ಹೇಳಲೇಬೇಕು. ರೇಷ್ಮೆಹುಳು ಸಾಕಣೆ ಹುಟ್ಟಿದ್ದು ಚೀನಾದಲ್ಲಿ. ಮೈಸೂರು ಸೀಮೆಗೆ ಅದನ್ನು ತಂದದ್ದು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್, ಬಂಗಾಳದಿಂದ ಹುಳುಗಳನ್ನು ತರಿಸುವ ಮೂಲಕ. ಇಂದು ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆದ ಮೇಲೆ ಉಳಿಯುವ ಕೋಶಗಳನ್ನು ಚೀನಾದ ಹಲವು ಭಾಗಗಳಲ್ಲಿ ಉಪ್ಪುಖಾರ ಹಾಕಿ ಹುರಿದು ತಿನ್ನುತ್ತಾರೆ, ಅಸ್ಸಾಮಿನಲ್ಲೂ ಎರಿ ರೇಷ್ಮೆಯ ಹುಳು ಮೆಚ್ಚಿನ ತಿನಿಸು. ರಾಮನಗರದ ಬಿಚ್ಚಾಣಿಕೆ ಘಟಕಗಳಲ್ಲಿ ರಾಶಿಯಾಗುವ ಅದೇ ಕೋಶಗಳು ಒಣಗಿ ಕೋಳಿ, ಮೀನಿನ ಮೇವಾಗುತ್ತವೆ. ಸಾಂಪ್ರದಾಯಿಕ ಚೀನೀ ತಿನಿಸಿನ ಅಪ್ಪಟ ಕಚ್ಚಾವಸ್ತು ಜಿಲ್ಲೆಯಲ್ಲಿ ಹೇರಳವಾಗಿದ್ದು, ಅದನ್ನು ತಿನ್ನುವವರು ಯಾರೂ ಇಲ್ಲದಿರುವುದು ಊಟದ ವಿಷಯದಲ್ಲಿ ಜನ ಎಷ್ಟನ್ನು ಆಮದು ಮಾಡಿಕೊಳ್ಳುತ್ತಾರೆ, ಎಲ್ಲಿಗೆ ನಿಲ್ಲಿಸುತ್ತಾರೆ ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಸಾಂಪ್ರದಾಯಿಕ ಅಡಿಗೆಗೆ ಹೆಸರಾದ ಚೀನೀ ಹೋಟೆಲಿನಲ್ಲಿ ಉಣ್ಣಬಯಸುವವರು ಈ ನಾಲ್ಕು ಊರುಗಳಿಂದ ಸದ್ಯಕ್ಕೆ ಬೆಂಗಳೂರಿಗೇ ಹೋಗಬೇಕಾಗುತ್ತದೆ, ಮತ್ತು ಅಲ್ಲಿ ಕುಳಿತಾಗ ಮುದ್ದೆಯೂಟದ ವಿವೇಕವೇ ಹೆಚ್ಚು ಸಹಾಯಕ್ಕೆ ಬರುತ್ತದೆ. ತಲೆಗೊಂದು ತಟ್ಟೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ವ್ಯಂಜನಗಳನ್ನು ಮೇಜಿನ ನಡುವೆ ಇಟ್ಟು, ಪ್ರತಿಯೊಬ್ಬರೂ ತಮ್ಮ ಬಟ್ಟಲಿನ ಬಿಳಿ ಅನ್ನಕ್ಕೆ ತುಸುತುಸುವೇ ಹಾಕಿಕೊಂಡು ಉಣ್ಣುವುದು ಕ್ರಮ. ನಾಲ್ವರು ಹೋದರೆ ಮೂರು ನಾಲ್ಕು ವ್ಯಂಜನ ಸಾಕು, ಆದರೆ ಅವುಗಳಲ್ಲಿ ಎರಡು ಒಂದೇ ಜಾತಿಯವಾಗಬಾರದು. ಒಂದು ಕರಿದದ್ದು ಅಥವಾ ಹುರಿದದ್ದಾದರೆ ಇನ್ನೊಂದು ಆವಿಯಲ್ಲಿ ಬೆಂದದ್ದು, ಮತ್ತೊಂದು ಬರಿಯ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು. ಶುಂಠಿ, ಈರುಳ್ಳಿ ಸೊಪ್ಪು ಹಾಕಿ ಇಡಿಯಾಗಿ ಆವಿಯಲ್ಲಿ ಬೇಯಿಸಿದ ಮೀನು ಕ್ಯಾಂಟನ್ ಕಡೆಯ ಅಡಿಗೆಯವರ ಕೈಗುಣದ ಪರೀಕ್ಷೆ, ಏಕೆಂದರೆ ಅದರಲ್ಲಿ ಮೀನಿನ ತಾಜಾತನವನ್ನು ಮುಚ್ಚಿಡಲು ಯಾವ ಸಾಸಿಗೂ ಅವಕಾಶವಿಲ್ಲ. ‘ಮಾಪೊ ತೋಫು’ ಎಂಬುದು 19ನೇ ಶತಮಾನದಲ್ಲಿ ಸಿಚುವಾನಿನ ಚೆಂಗ್ದು ನಗರದಲ್ಲಿ ಚೆನ್ ಮನೆತನದ ಸಣ್ಣ ಹೋಟೆಲೊಂದರಿಂದ ಹೆಸರಾದ, ಸೋಯಾ ಗಿಣ್ಣು ಮತ್ತು ಕೊಚ್ಚಿದ ಮಾಂಸದ ಖಾರದ ಅಡಿಗೆ. ಅನ್ನವಿಲ್ಲದೆ ಅದನ್ನು ತಿಂದರೆ ಅರ್ಧ ರುಚಿಯೂ ತಿಳಿಯುವುದಿಲ್ಲ. ಮಾಂಸ ಬೇಡದವರು ಅದನ್ನು ಅಣಬೆಯೊಂದಿಗೆ ಮಾಡಿಕೊಡಲು ಕೇಳಬಹುದು, ಆದರೆ ಅನೇಕ ಹೋಟೆಲುಗಳ ಸಾಸುಗಳಲ್ಲಿ ಸಿಂಪಿಯ ಅಥವಾ ಮೀನಿನ ಸಾರ ಇರುವುದರಿಂದ ಮುಂಚಿತವಾಗಿ ವಿಚಾರಿಸುವುದು ಕ್ಷೇಮ. ಸೂಪನ್ನು ಊಟಕ್ಕೆ ಮೊದಲೇ ಕುಡಿದು ಮುಗಿಸಬೇಕೆಂಬುದು ಪಾಶ್ಚಾತ್ಯ ಪದ್ಧತಿ. ಚೀನೀ ಮನೆಗಳಲ್ಲಿ ತೆಳುಸಾರು ಊಟದ ಉದ್ದಕ್ಕೂ ಪಕ್ಕದಲ್ಲಿರುತ್ತದೆ. ತಣ್ಣನೆಯ ಪಾನೀಯಕ್ಕೆ ಬದಲು ಹಾಲು, ಸಕ್ಕರೆಗಳಿಲ್ಲದ ಬಿಸಿ ಚಹಾ ಕೇಳಿದರೆ ಎಣ್ಣೆಯ ಜಿಡ್ಡು ನಾಲಗೆಯಿಂದ ಇಳಿಯುತ್ತದೆ. ಕಡ್ಡಿಗಳಿಂದ ಉಣ್ಣಲು ಬಾರದವರು ಚಮಚ ಕೇಳಲು ಸಂಕೋಚಪಡಬೇಕಾಗಿಲ್ಲ. ಬಟ್ಟಲನ್ನು ಬಾಯಿಯ ಹತ್ತಿರಕ್ಕೆ ಎತ್ತಿ ಹಿಡಿದು ಉಣ್ಣುವುದು ಅಲ್ಲಿ ಅಸಭ್ಯವಲ್ಲ, ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಮಾತ್ರ ಸತ್ತವರಿಗೆ ಎಡೆಯಿಡುವ ರೀತಿಯಾದ್ದರಿಂದ ಅದನ್ನು ಬಿಡಬೇಕು.